ವಾರದ ಅತಿಥಿಗಳು, ವರ್ಷವಿಡೀ ಕಾಯುವ ಮಕ್ಕಳು

ಧರ್ಮಶ್ರದ್ಧೆಯಿಂದ ಪರದೇಶಕ್ಕೆ ಹೋಗಿ ದಿಕ್ಕಿಲ್ಲದ ಮಕ್ಕಳ ತಲೆ ನೇವರಿಸುವವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ಚರ್ಚುಗಳ ಯುವಕ ಯುವತಿಯರು ರಜೆಯಲ್ಲಿ ಒಂದೆರಡು ವಾರ ಹೈಟಿ ದೇಶದ ಅನಾಥಾಲಯಗಳಲ್ಲಿ ಸೇವೆಗೆ ನಿಲ್ಲುವ ಪದ್ಧತಿ ಬಹುಕಾಲ ನಡೆಯಿತು. ಗೋಡೆಗೆ ಬಣ್ಣ ಬಳಿದರು, ಹಾಡು ಕಲಿಸಿದರು, ಮಕ್ಕಳೊಡನೆ ಚೆಂಡಾಡಿದರು. ಎಷ್ಟೋ ಮಂದಿ ಮರುವರ್ಷವೂ ಹೋದರು. ಮಗುವಿನ ಹೆಸರನ್ನು ನೆನಪಿಟ್ಟು ಮತ್ತೆ ಬರುವವನಿಗೂ, ಒಮ್ಮೆ ಬಂದು ಪಟ ತೆಗೆಸಿಕೊಂಡು ಹೋಗುವವನಿಗೂ ವ್ಯತ್ಯಾಸವುಂಟು. 2021ರ ಅಕ್ಟೋಬರಿನಲ್ಲಿ ಅನಾಥಾಲಯವೊಂದನ್ನು ನೋಡಿ ಹಿಂದಿರುಗುತ್ತಿದ್ದ 17 ಮಂದಿಯನ್ನು, ಮಕ್ಕಳನ್ನೂ ಸೇರಿಸಿ, ದುಷ್ಕರ್ಮಿಗಳು ಅಪಹರಿಸಿದರು. ಇಂಥ ಅಪಾಯದ ನಾಡಿಗೆ ಹೋದವರ ಎದೆಗಾರಿಕೆಯನ್ನು ನಾವು ಅಲ್ಲಗಳೆಯೆವು.

ಆದರೆ ಆ ಮಕ್ಕಳು ಅನಾಥರೇ? ಹೈಟಿಯ ಅನಾಥಾಲಯಗಳಲ್ಲಿ ಸುಮಾರು 30,000 ಮಕ್ಕಳಿದ್ದಾರೆ, ಅವರಲ್ಲಿ ನೂರಕ್ಕೆ 80 ಮಂದಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು ಮಕ್ಕಳ ರಕ್ಷಣೆಯ ಸಂಸ್ಥೆಗಳು ಕಳೆದ ದಶಕದಲ್ಲಿ ಅಂದಾಜು ಮಾಡಿದ್ದವು. 2010ರ ಜನವರಿಯ ಭೂಕಂಪವಾದ ಕೆಲವೇ ದಿನಗಳಲ್ಲಿ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಗಡಿ ದಾಟಿಸಲು ಹೋಗಿ ಸೆರೆಯಾದರು. ವಿಚಾರಿಸಿದರೆ, ಮಕ್ಕಳಿಗೆ ಹೆತ್ತವರಿದ್ದರು! ಓದು ಸಿಕ್ಕೀತು, ಅನ್ನ ಸಿಕ್ಕೀತು ಎಂದು ಅವರೇ ಒಪ್ಪಿಸಿ ಕಳಿಸಿದ್ದರು.

ತಾಯಿ ತನ್ನ ಮಗುವನ್ನು ಏಕೆ ಒಪ್ಪಿಸುತ್ತಾಳೆ? ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2009ರಲ್ಲಿ ಹೈಟಿಯ ಸಂಸತ್ತು ದಿನಗೂಲಿಯನ್ನು 70 ಗೂರ್ದ್‌ಗಳಿಂದ 200ಕ್ಕೆ ಏರಿಸಲು ಒಪ್ಪಿತು. ವಿದೇಶಕ್ಕೆ ಬಟ್ಟೆ ಹೊಲಿಸುವ ಕಾರ್ಖಾನೆಗಳ ಮಾಲೀಕರು ಬೊಬ್ಬಿಟ್ಟರು. ಕೊನೆಗೆ ಹೊಲಿಗೆಯವರ ಪಾಲಿಗೆ 125 ಸಾಕೆಂದು ತೀರ್ಮಾನವಾಯಿತು. ಹಾಗೆ ಹೊಲಿದ ಅಂಗಿಗಳು ಹೋಗುವುದು ಬಹುಪಾಲು ಅಮೆರಿಕಕ್ಕೇ. ಅಂಗಿ ಅಗ್ಗವಾಗಿ ಆ ಕಡೆ ಹೋಯಿತು, ಕರುಣೆ ವಿಮಾನವೇರಿ ಈ ಕಡೆ ಬಂತು. ಇನ್ನೂ ಹಿಂದಕ್ಕೆ ಹೋದರೆ ಲೆಕ್ಕ ಇನ್ನೂ ದೊಡ್ಡದು. ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರ ಮಾಡಿಕೊಂಡ ನಾಡು ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ಆಸ್ತಿಗೆಂದು 15 ಕೋಟಿ ಫ್ರಾಂಕ್ ಕೇಳಿತು. ಆಸ್ತಿಯೆಂದರೆ ಆ ಗುಲಾಮರೂ ಸೇರಿ! ಆ ಸಾಲದ ಬಾಲ 1947ರವರೆಗೂ ಬಿಡಲಿಲ್ಲ.

ವ್ಯಾಪಾರಿ ಮಿತ್ರರಿಗೆ ಮತ್ತೊಂದು ಮಾತು. ಗಿರಾಕಿ ಇದ್ದಲ್ಲಿ ಸರಕು ತಾನಾಗಿ ಬರುತ್ತದೆ. ಡಾಲರು ತರುವ ಅತಿಥಿ ಅನಾಥರನ್ನೇ ನೋಡಬಯಸಿದರೆ, ಬಡವರ ಮನೆಗಳಿಂದ ಅನಾಥರನ್ನು ಒದಗಿಸುವ ದಲ್ಲಾಳಿಯೂ ಹುಟ್ಟಿಕೊಳ್ಳುತ್ತಾನೆ. ಅನಾಥಾಲಯಗಳಲ್ಲಿ ಸ್ವಯಂಸೇವೆಯ ಹೆಸರಿನಲ್ಲಿ ಆಗುವ ಹಾನಿಯಿಂದ ಮಕ್ಕಳನ್ನು ಕಾಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2019ರಲ್ಲಿ ನಿರ್ಣಯ ಮಾಡಿದ್ದು ಸುಮ್ಮನಲ್ಲ. ವಾರಕ್ಕೊಬ್ಬ ಹೊಸ ಅಣ್ಣನನ್ನು ಅಪ್ಪಿಕೊಂಡು ಶನಿವಾರ ಅವನನ್ನು ಕಳೆದುಕೊಳ್ಳುವ ಮಗುವಿನ ಮನಸ್ಸು ಏನಾದೀತು?

ನಮ್ಮ ಕಡೆಗೂ ಮಿಷನರಿಗಳು ಬಂದಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ವರ್ಷಗಟ್ಟಲೆ ನಿಂತರು, ನಮ್ಮ ಭಾಷೆ ಕಲಿತರು. ಮತಾಂತರವಾದವರು ಕಸುಬು ಕಳೆದುಕೊಂಡಾಗ ಮಗ್ಗ ಹೂಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿ ಕೂಲಿ ಎಷ್ಟಿತ್ತು, ಲಾಭ ಯಾರ ಪಾಲಾಯಿತು ಎಂಬ ಜಗಳವನ್ನು ಇನ್ನೊಮ್ಮೆ ಆಡೋಣ. ಹೊಟ್ಟೆಪಾಡಿಗೆ ದಾರಿಯಿಲ್ಲದೆ ಉಪದೇಶ ನಿಲ್ಲದೆಂಬುದಾದರೂ ಅವರಿಗೆ ತಿಳಿದಿತ್ತು.

ಹೈಟಿಗೆ ಮತ್ತೆ ಮತ್ತೆ ಹೋದವರಲ್ಲಿ ಕೆಲವರಿಗೆ ಇದು ಹೊಳೆದಿದೆ. ಅವರು ಅನಾಥಾಲಯಕ್ಕೆ ಕೊಡುತ್ತಿದ್ದ ಹಣವನ್ನು ಮಗುವಿನ ಮನೆಗೆ ತಿರುಗಿಸುತ್ತಿದ್ದಾರೆ: ಶಾಲೆಯ ಫೀಜಿಗೆ, ತಾಯಿಯ ಸಣ್ಣ ವ್ಯಾಪಾರದ ಬಂಡವಾಳಕ್ಕೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ, ಕೂಲಿಯ ಪ್ರಶ್ನೆ ಇನ್ನೂ ಉಳಿದೇ ಇದ್ದರೂ.

ನಮ್ಮ ಪೇಟೆಯ ಸಾಹುಕಾರರೂ ತಂದೆಯ ಪುಣ್ಯತಿಥಿಗೆ, ಮಗನ ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಸಿಹಿ ಹಂಚುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಟ ತೆಗೆಸುತ್ತಾರೆ. ಮುಂದಿನ ಸಲ ಹೋದಾಗ, ಈ ಸಾಲಿನಲ್ಲಿ ಎಷ್ಟು ಮಕ್ಕಳಿಗೆ ತಾಯಿ ಇದ್ದಾಳೆ, ಅವಳು ಎಲ್ಲಿ, ಎಷ್ಟು ಕೂಲಿಗೆ ದುಡಿಯುತ್ತಿದ್ದಾಳೆ ಎಂದು ಅಲ್ಲಿನ ವ್ಯವಸ್ಥಾಪಕರನ್ನು ಕೇಳಲಿ. ಆ ಕೂಲಿ ಕೊಡುವವರು ತಾವೇ ಆಗಿದ್ದರೆ ಅದನ್ನೂ ಹೇಳಲಿ.