ಹಾಡು ಕೊಂಡವರು ಬದುಕನ್ನೂ ಕೊಂಡರೇ?

ಅಮೆರಿಕದ ಕೆನಡಿ ಕಲಾಕೇಂದ್ರವು 2022ರ ಡಿಸೆಂಬರ್‌ನಲ್ಲಿ ಗೌರವಿಸಿದವರ ಸಾಲಿನಲ್ಲಿ ನಟ ಜಾರ್ಜ್ ಕ್ಲೂನಿ, ಗಾಯಕಿ ಗ್ಲಾಡಿಸ್ ನೈಟ್ ಹಾಗೂ ಐರ್ಲೆಂಡಿನ ಯು2 ತಂಡದ ಜೊತೆಗೆ ಏಮಿ ಗ್ರಾಂಟ್ ಅವರ ಹೆಸರೂ ಇತ್ತು. ಸಮಕಾಲೀನ ಕ್ರೈಸ್ತ ಸಂಗೀತದ ಕಲಾವಿದರೊಬ್ಬರಿಗೆ ಈ ಗೌರವ ಸಂದದ್ದು ಅದೇ ಮೊದಲು. ಆ ಸಂಗೀತವನ್ನು ದಶಕಗಳಿಂದ ಪೋಷಿಸಿಕೊಂಡು ಬಂದ ಸಮುದಾಯ ಸಂಭ್ರಮಿಸಬೇಕಿದ್ದ ಗಳಿಗೆ ಅದು. ಆದರೆ ಅದರ ಆಸುಪಾಸಿನಲ್ಲೇ, ತಮ್ಮ ಕುಟುಂಬದ ಯುವತಿಯೊಬ್ಬಳ ಸಲಿಂಗ ವಿವಾಹಕ್ಕೆ ತಮ್ಮ ತೋಟವನ್ನು ಬಿಟ್ಟುಕೊಡುವ ವಿಷಯವನ್ನು ಗ್ರಾಂಟ್ ಬಹಿರಂಗಪಡಿಸಿದ್ದರು. ಧರ್ಮಪ್ರಚಾರಕ ಫ್ರಾಂಕ್ಲಿನ್ ಗ್ರಹಾಂ ಆಕ್ಷೇಪಿಸಿದರು. ಚರ್ಚೆ ಹಾಡಿನಿಂದ ಮದುವೆಯ ಕಡೆಗೆ ಜಾರಿತು.

ಅವರ ಬದುಕಿನಲ್ಲಿ ಹೀಗಾದದ್ದು ಮೊದಲ ಸಲವೇನಲ್ಲ. ಇದರ ಬೇರು ಆ ಸಂಗೀತ ಮಾರಾಟವಾದ ರೀತಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಅರವತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ತರುಣರು ಗಿಟಾರ್ ಹಿಡಿದು ಯೇಸುವನ್ನು ಹಾಡತೊಡಗಿದಾಗ ಹುಟ್ಟಿದ ಈ ಪ್ರಕಾರ, ನ್ಯಾಶ್‌ವಿಲ್ ನಗರವನ್ನು ಕೇಂದ್ರವಾಗಿಸಿಕೊಂಡು ಬಹುಬೇಗ ಉದ್ಯಮವಾಯಿತು. ಅದಕ್ಕೆ ಪ್ರತ್ಯೇಕ ಧ್ವನಿಮುದ್ರಣ ಕಂಪನಿಗಳು, ಪ್ರತ್ಯೇಕ ರೇಡಿಯೊ ಕೇಂದ್ರಗಳು, ಪ್ರತ್ಯೇಕ ಪ್ರಶಸ್ತಿಗಳು. ಮಾರಾಟವೂ ಬಹುಪಾಲು ಕ್ರೈಸ್ತ ಪುಸ್ತಕದಂಗಡಿಗಳಲ್ಲಿ. ಜಾಸ್ ಅಥವಾ ಬ್ಲೂಸ್ ಸಂಗೀತವನ್ನು ಕಿವಿಯೇ ಗುರುತಿಸುತ್ತದೆ. ಇದನ್ನು ಹಾಗೆ ಗುರುತಿಸಲಾಗದು. ರಾಕ್, ಕಂಟ್ರಿ, ರ‍್ಯಾಪ್ ಎಲ್ಲವೂ ಇದರೊಳಗಿವೆ. ಕ್ರೈಸ್ತವೆನ್ನಿಸಿಕೊಳ್ಳಲು ಉಳಿದದ್ದು ಸಾಹಿತ್ಯ ಮತ್ತು ಹಾಡುವವರ ನಡತೆ. ಎರಡನೆಯದನ್ನು ಯಾವ ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಅಚ್ಚು ಹಾಕಿರಲಿಲ್ಲ, ಅಷ್ಟೆ.

ಗ್ರಾಂಟ್ ಅವರ ಮೊದಲ ಆಲ್ಬಂ ಬಂದದ್ದು 1977ರಲ್ಲಿ, ಇನ್ನೂ ಶಾಲಾ ಬಾಲಕಿಯಾಗಿದ್ದಾಗ. 1982ರ 'ಏಜ್ ಟು ಏಜ್' ಹತ್ತು ಲಕ್ಷದ ಗಡಿ ದಾಟಿ ಈ ಉದ್ಯಮದ ಲೆಕ್ಕಾಚಾರವನ್ನೇ ಬದಲಿಸಿತು. ಆಮೇಲೆ 1991ರಲ್ಲಿ 'ಬೇಬಿ ಬೇಬಿ' ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಬೆಂಗಳೂರಿನಲ್ಲಿ ಕೇಬಲ್ ಟೀವಿ ಹೊಸದಾಗಿದ್ದ ದಿನಗಳಲ್ಲಿ ಆ ಹಾಡು ಕೇಳಿದ ನನಗೆ ಅವರು ಭಕ್ತಿಗೀತೆಗಳ ಗಾಯಕಿ ಎಂಬ ಸುಳಿವೂ ಇರಲಿಲ್ಲ. ಅದು ತಮ್ಮ ಹಸುಗೂಸು ಮಗಳನ್ನು ಕಂಡು ಅವರು ಬರೆದ ಹಾಡು. ಆದರೆ ವಿಡಿಯೊದಲ್ಲಿ ಅವರೊಂದಿಗೆ ಸಲಿಗೆಯಿಂದ ಕಾಣಿಸಿಕೊಂಡ ತರುಣ ರೂಪದರ್ಶಿ ಹಳೆಯ ಕೇಳುಗರ ಹುಬ್ಬೇರಿಸಿದ. ತಾಯಿಯ ವಾತ್ಸಲ್ಯವನ್ನು ಮಾರಲು ಪ್ರಣಯದ ಚಿತ್ರಗಳನ್ನು ಬಳಸಿದ್ದು ಜಾಣತನವಾಗಿತ್ತೇ ಎಂಬ ಪ್ರಶ್ನೆ ನನಗೂ ಇದೆ. ಆದರೂ ಅದನ್ನೊಂದು ಪತನವೆಂದು ಕಂಡದ್ದು ಅತಿಯಾಯಿತು.

ನಿಜವಾದ ಪೆಟ್ಟು ಬಿದ್ದದ್ದು 1999ರಲ್ಲಿ, ಗ್ಯಾರಿ ಚಾಪ್‌ಮನ್ ಅವರಿಂದ ವಿಚ್ಛೇದನ ಪಡೆದಾಗ. ಗ್ರಾಂಟ್ ಅವರ ಆರಂಭದ ಪ್ರಸಿದ್ಧ ಗೀತೆ 'ಮೈ ಫಾದರ್ಸ್ ಐಸ್' ರಚಿಸಿದವರು ಚಾಪ್‌ಮನ್. ಸ್ವತಃ ಕ್ರೈಸ್ತ ಗಾಯಕರು, 'ಪ್ರೈಮ್ ಟೈಮ್ ಕಂಟ್ರಿ' ಎಂಬ ಟೀವಿ ಕಾರ್ಯಕ್ರಮದ ನಿರೂಪಕರೂ ಆಗಿದ್ದವರು. ಮರುವರ್ಷ ಗ್ರಾಂಟ್ ಕಂಟ್ರಿ ಗಾಯಕ ವಿನ್ಸ್ ಗಿಲ್ ಅವರನ್ನು ವರಿಸಿದರು. ಕೆಲವು ಕ್ರೈಸ್ತ ರೇಡಿಯೊ ಕೇಂದ್ರಗಳು ಅವರ ಹಾಡುಗಳನ್ನು ನಿಲ್ಲಿಸಿದವು. ಹಿಂದಿನ ದಿನದವರೆಗೂ ಪ್ರಾರ್ಥನೆಗೆ ಒದಗುತ್ತಿದ್ದ ಹಾಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಕೇಳುಗರ ಪರವಾಗಿಯೂ ಒಂದು ಮಾತು ಹೇಳಬೇಕು. ಕಷ್ಟದ ಹೊತ್ತಿನಲ್ಲಿ ಆ ದನಿಯನ್ನು ನೆಚ್ಚಿದವರಿಗೆ ಅದೊಂದು ಸರಕಾಗಿರಲಿಲ್ಲ. ಅವರ ನೋವು ಸುಳ್ಳಲ್ಲ. ಆದರೆ ಆ ನೆಚ್ಚಿಕೆಯಿಂದ ಲಾಭ ಪಡೆದ ಉದ್ಯಮವು ಗಾಯಕಿಯ ಬೆನ್ನಿಗೆ ನಿಲ್ಲುವ ಹೊಣೆಯನ್ನು ಹೊರಲಿಲ್ಲ. ಈ ಲೆಕ್ಕ ಮಾತ್ರ ನನಗೆ ನ್ಯಾಯವೆನ್ನಿಸುವುದಿಲ್ಲ.

ಕುತೂಹಲದ ಸಂಗತಿಯೆಂದರೆ ಧರ್ಮದ ಮಾರುಕಟ್ಟೆ ಅನುಮಾನಿಸಿದ ಅದೇ ಸಜ್ಜನಿಕೆಯನ್ನು ಟೀವಿ ಬಂಡವಾಳವಾಗಿಸಿಕೊಂಡದ್ದು. 2005ರಲ್ಲಿ ಎನ್‌ಬಿಸಿ ವಾಹಿನಿ ಅವರನ್ನು 'ತ್ರೀ ವಿಶಸ್' ಕಾರ್ಯಕ್ರಮದ ನಿರೂಪಕಿಯಾಗಿಸಿತು. ಸಣ್ಣ ಊರುಗಳಿಗೆ ಹೋಗಿ ಜನರ ಕಷ್ಟ ಆಲಿಸಿ, ಆಯ್ದವರ ಆಸೆಗಳನ್ನು ಈಡೇರಿಸುವ ಕಾರ್ಯಕ್ರಮವದು. ಕ್ಯಾಮೆರಾದೆದುರು ನಡೆಯುವ ಔದಾರ್ಯದ ಬಗ್ಗೆ ನನಗೆ ಸಂಶಯವಿದೆ. ಒಂದೇ ಹಂಗಾಮಿಗೆ ಅದೂ ಮುಗಿಯಿತು.

ಗ್ರಾಂಟ್ ಅವರಿಗೆ 2020ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. 2022ರಲ್ಲಿ ಸೈಕಲ್ಲಿನಿಂದ ಬಿದ್ದು ತಲೆಗೆ ಏಟಾಗಿ, ನೆನಪಿನ ಶಕ್ತಿ ಕುಂದಿತು. ಚೇತರಿಸಿಕೊಂಡು ಮತ್ತೆ ವೇದಿಕೆಗೆ ಬಂದರು. ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ಅವರೂ ಗಿಲ್ ಅವರೂ ಡಿಸೆಂಬರ್‌ನಲ್ಲಿ ನಡೆಸುವ ಕ್ರಿಸ್‌ಮಸ್ ಕಛೇರಿಗಳು ಪ್ರಸಿದ್ಧವಾಗಿವೆ. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ ಆ ಕಟ್ಟಡದಲ್ಲಿ ಇಂದಿಗೂ ಕೇಳುಗರು ಕೂರುವುದು ಚರ್ಚಿನ ಉದ್ದನೆಯ ಮರದ ಬೆಂಚುಗಳ ಮೇಲೆಯೇ.