ರಂಗಭೂಮಿಯೂ ನಮ್ಮ ಅಭಿರುಚಿಯೂ

ಜಾತ್ರೆಯ ಡೇರೆಯಲ್ಲಿ ಕಂಪನಿ ನಾಟಕವನ್ನು ಕಂಡು ಮೆಚ್ಚುವವರನ್ನು ಅಭಿರುಚಿಹೀನರೆಂದು ಹಳಿಯುವುದು ವಿದ್ಯಾವಂತರಲ್ಲಿ ರೂಢಿಯಾಗಿದೆ. ಈ ತೀರ್ಪು ಕಲೆಯನ್ನು ತೂಗಿ ಕೊಟ್ಟುದೋ, ಪ್ರೇಕ್ಷಕರ ಅಂತಸ್ತನ್ನು ತೂಗಿ ಕೊಟ್ಟುದೋ ಎಂಬುದು ವಿಚಾರಾರ್ಹವಾಗಿದೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಪೂರ್ವದಲ್ಲಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಅಂದು ಈ ಸೀಮೆಯ ಸುಶಿಕ್ಷಿತರು ಮರಾಠಿ ನಾಟಕಗಳಿಗೆ ಮನಸೋತು, ಕನ್ನಡದ ದೊಡ್ಡಾಟ ಸಣ್ಣಾಟಗಳನ್ನು ಒಕ್ಕಲುಮಕ್ಕಳ ಪಾಲಿಗೆ ಬಿಟ್ಟಿದ್ದರು. ವಿಚಿತ್ರವೇನೆಂದರೆ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಮರಾಠಿ ನಾಟಕಕ್ಕೆ ಉತ್ತರ ಕನ್ನಡದ ಭಾಗವತ ಮೇಳದ ಆಟವೇ ಪ್ರೇರಣೆಯಾಗಿತ್ತು. ನಮ್ಮದೇ ಹೊನ್ನಿಗೆ ಪರರ ಮುದ್ರೆ ಬಿದ್ದ ಬಳಿಕವೇ ನಾವು ಬೆಲೆ ಕಟ್ಟಿದೆವು!

ಈ ದೈನ್ಯವನ್ನು ಸಹಿಸದವರು ಇಂದಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯಲ್ಲಿ ಜನಿಸಿದ ಶಾಂತಕವಿಗಳು. ಶಾಲಾ ಶಿಕ್ಷಕರಾದ ಅವರು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ, ಅದಕ್ಕಾಗಿ ತಾವೇ ನಾಟಕಗಳನ್ನು ಬರೆದರು. ನಾಟಕಗಳನ್ನು ನಿಷೇಧಿಸುವ ಅಧಿಕಾರವನ್ನು ಆಂಗ್ಲ ಸರಕಾರವು 1876ರ ಕಾಯಿದೆಯಿಂದ ಪಡೆದಿದ್ದಾಗಲೂ, ಮುಂದೆ ಗರುಡ ಸದಾಶಿವರಾಯರು 'ಎಚ್ಚಮನಾಯಕ'ದಲ್ಲಿ ಇತಿಹಾಸದ ಮರೆಯಿಂದ ದೇಶಾಭಿಮಾನವನ್ನು ನುಡಿಸಿದರು. ಅದನ್ನು ಕೇಳಿ ರೋಮಾಂಚಿತರಾದವರಲ್ಲಿ ನೆಲದ ಮೇಲೆ ಕುಳಿತವರೂ ಇದ್ದರು.

ಹಾಗೆಂದು ಕಂಪನಿಗಳ ಕಾಲವನ್ನು ನಿರ್ದೋಷವೆನ್ನಲಾಗದು. ಕುರ್ಚಿಗೊಂದು ದರ, ನೆಲಕ್ಕೊಂದು ದರವೆಂದು ಸಮಾಜದ ಮೇಲುಕೀಳುಗಳು ಡೇರೆಯೊಳಕ್ಕೂ ಬಂದವು. ಸೀರೆಯುಟ್ಟ ಪುರುಷನ ಅಭಿನಯವನ್ನು ಕೊಂಡಾಡಿದ ಮನೆತನಗಳೇ ರಂಗವೇರಿದ ಸ್ತ್ರೀಯನ್ನು ಹೊಸ್ತಿಲಿನಾಚೆ ನಿಲ್ಲಿಸಿದವು. ಸ್ತ್ರೀಯರದೇ ಮಂಡಳಿಯನ್ನು ಕಟ್ಟಿ ನಡೆಸಿದ ಲಕ್ಷ್ಮೇಶ್ವರದ ಬಚ್ಚಾಸಾನಿಯ ಧೈರ್ಯವನ್ನು ನಮ್ಮಲ್ಲಿ ಎಷ್ಟು ಜನ ಸ್ಮರಿಸುವರು?

1947ರಲ್ಲಿ ಸ್ವಾತಂತ್ರ್ಯವೂ 1956ರಲ್ಲಿ ಏಕೀಕರಣವೂ ಲಭಿಸಿದವು. ಆದರೆ ಅಭಿರುಚಿಯ ದಾಸ್ಯವು ಪೂರ್ಣವಾಗಿ ಕಳೆಯಲಿಲ್ಲ. 1971ರಲ್ಲಿ ಗಿರೀಶ ಕಾರ್ನಾಡರು 'ಹಯವದನ'ದಲ್ಲಿ ಯಕ್ಷಗಾನದ ಅಂಶಗಳನ್ನು ಬಳಸಿದಾಗ ನಗರದ ರಸಿಕರು ಹರ್ಷಿಸಿದರು. ಅದು ಸ್ತುತ್ಯವೇ. ಆದರೆ ಅದೇ ರಸಿಕರು ಊರಿನ ಬಯಲಾಟಕ್ಕೆ ಬಂದು ಕುಳಿತರೇ? ಸಾಂಗಲಿಯ ಕಥೆಯೇ ಮತ್ತೊಮ್ಮೆ ನಡೆಯಿತೆಂದು ನಮಗೆ ತೋರುವುದು.

ಹಾನಗಲ್ಲು ತಾಲೂಕಿನ ಶೇಷಗಿರಿಯಂಥ ಹಳ್ಳಿಯಲ್ಲಿ ಗ್ರಾಮಸ್ಥರೇ ತಂಡ ಕಟ್ಟಿ ಆಧುನಿಕ ನಾಟಕಗಳನ್ನು ಆಡಿರುವುದು ಸದಭಿರುಚಿಯು ಯಾರ ಪಿತ್ರಾರ್ಜಿತ ಸ್ವತ್ತೂ ಅಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ಶಾಲೆಯ ಸಮ್ಮೇಲನದಲ್ಲಿ ಬಣ್ಣ ಹಚ್ಚಿ ನಿಲ್ಲುವಾಗ, ಆ ಹಕ್ಕಿಗಾಗಿ ನಿಂದೆಯನ್ನುಂಡ ಸ್ತ್ರೀಯರನ್ನು ನೆನೆಯಿರಿ. ನಾಟಕವನ್ನು ಅದರ ಗುಣದಿಂದ ಅಳೆಯಿರಿ. ಅದನ್ನು ನೋಡುವವರ ಉಡುಪಿನಿಂದ ಅಳೆಯಬೇಡಿರಿ.