ಕುರ್ಚಿ ಬಿಟ್ಟವರು

ನಮ್ಮ ಲೋಕಾಪುರದ ಕಡೆ ಭಾಷಣ ಸ್ಪರ್ಧೆ ಎಂದರೆ ಅರವತ್ತರ ದಶಕದ ನಾಯಕರು ಬರಲೇಬೇಕು. ಬರಬೇಕಾದ್ದೇ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1958ರಿಂದ 1962ರವರೆಗೆ ಮುಖ್ಯಮಂತ್ರಿಗಳಾಗಿದ್ದರು. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ, ನೂರು ದಿನ ತುಂಬುವ ಮೊದಲೇ, ಕುರ್ಚಿ ಬಿಟ್ಟುಕೊಟ್ಟರು. ನಮ್ಮ ವೇದಿಕೆಗಳಲ್ಲಿ ಅವರು ಇಂದಿಗೂ ಭರತ.

ಈಚೆಗೆ ಅಂಥ ಭಾಷಣವೊಂದನ್ನು ಬರೆಸುತ್ತಿದ್ದಾಗ ಎಂಟನೆಯ ಇಯತ್ತೆಯ ಹುಡುಗಿ ಕೇಳಿದಳು: “ಅಕ್ಕೋರ, ಆವಾಗ ಹೆಣ್ಮಕ್ಕಳು ಯಾರೂ ಇರ್ಲಿಲ್ಲೇನ್ರಿ?”

“ಇಂದಿರಾ ಗಾಂಧಿ ಇದ್ರಲ್ಲವಾ.”

“ಅವ್ರು ದಿಲ್ಲಿಯವ್ರಲ್ರೀ. ನಮ್ಮ ಕಡ್ಯಾವ್ರು?”

ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಕಲಿಸುವ ನನ್ನ ಬಾಯಿ ಕಟ್ಟಿತು.

ಇದ್ದರು. ಸರೋಜಿನಿ ಮಹಿಷಿಯವರು 1962ರಲ್ಲಿ ಧಾರವಾಡ ಉತ್ತರದಿಂದ ಲೋಕಸಭೆಗೆ ಗೆದ್ದರು. ಅಲ್ಲಿಂದ ಸಾಲಾಗಿ ನಾಲ್ಕು ಸಲ. ನಮ್ಮ ಬಾಯಲ್ಲಿ ಉಳಿದದ್ದು ಅವರ ಹೆಸರಿನ ವರದಿ ಮಾತ್ರ. 1957ರಲ್ಲಿ ಗುಂಡ್ಲುಪೇಟೆಯಿಂದ ವಿಧಾನಸಭೆಗೆ ಬಂದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ಅದೇ ಸಭೆಯ ಅಧ್ಯಕ್ಷರಾದರು. ಯಶೋಧರಮ್ಮ ದಾಸಪ್ಪನವರಂತೂ ಪಾನನಿಷೇಧ ಸಡಿಲಿಸಿದ್ದನ್ನು ವಿರೋಧಿಸಿ ಮಂತ್ರಿ ಪದವಿಯನ್ನೇ ಬಿಟ್ಟರು. ನಾಯಕನಿಗಾಗಿ ಕುರ್ಚಿ ಬಿಟ್ಟವರು ಭರತನಾದರೆ, ಕುಡುಕರ ಮನೆಯ ಹೆಂಗಸರಿಗಾಗಿ ಕುರ್ಚಿ ಬಿಟ್ಟವರನ್ನು ಏನೆಂದು ಕರೆಯಬೇಕು? ರಾಮಾಯಣದಲ್ಲಿ ಅದಕ್ಕೊಂದು ಹೆಸರು ಸಿಗದಿದ್ದರೆ ಮರೆತುಬಿಡುವುದೇ?

ಕಂಠಿಯವರನ್ನು ಸಣ್ಣವರನ್ನಾಗಿಸಲು ಹೇಳುತ್ತಿಲ್ಲ. ಶಿಕ್ಷಣ ಮಂತ್ರಿಯಾಗಿ 1963ರಲ್ಲಿ ಅವರು ವಿಜಾಪುರಕ್ಕೆ ಸೈನಿಕ ಶಾಲೆ ತಂದರು. ದೊಡ್ಡ ಕೆಲಸ. ಆದರೆ ಅದರ ಬಾಗಿಲು ಹುಡುಗಿಯರಿಗೆ ತೆರೆಯಲು ಐವತ್ತು ವರ್ಷಕ್ಕೂ ಮೀರಿ ಹಿಡಿಯಿತು. ಅವತ್ತು ಆ ಮಾತು ಎತ್ತುವವರು ಸಭೆಯಲ್ಲಿ ಎಷ್ಟು ಜನ ಇದ್ದರು?

“ಒಬ್ಬಿಬ್ಬರ ಬಗ್ಗೆ ಮಕ್ಕಳಿಗೆ ಏನ್ ಹೇಳೋದ್ರಿ?” ಎನ್ನುತ್ತಾರೆ. ಒಬ್ಬಿಬ್ಬರೇ ಯಾಕಿದ್ದರು ಎನ್ನುವುದೇ ಪಾಠ. ನಮ್ಮವ್ವ 1967ರಲ್ಲಿ ಓಟು ಹಾಕಿದವಳು. ಯಾರಿಗೆಂದು ಕೇಳಿದರೆ, “ನಿಮ್ಮಪ್ಪ ಹೇಳಿದಾಂವಗ” ಎನ್ನುತ್ತಿದ್ದಳು. ಅವಳ ಕೈಯಲ್ಲಿ ಓಟಿತ್ತು. ಅದು ತನ್ನದೆಂದು ಹೇಳಿಕೊಟ್ಟವರಿರಲಿಲ್ಲ.

ಅಕ್ಕಂದಿರೇ, ಮಕ್ಕಳ ಭಾಷಣ ಬರೆದುಕೊಡುವವರು ನಾವೇ. ರೊಟ್ಟಿ ಬಡಿದು, ಕೈ ತೊಳೆದು, ಅದೇ ಹಳೆಯ ಹಾಳೆ ನಕಲು ಮಾಡಿಸುವವರೂ ನಾವೇ. ಮರೆತ ತಪ್ಪನ್ನೆಲ್ಲ ಗಂಡಸರ ತಲೆಗೆ ಕಟ್ಟುವುದು ಸುಲಭ. ನಾನೇ ಮೂವತ್ತು ವರ್ಷ ಭರತನ ಕಥೆ ಬರೆಸಿದ್ದೇನೆ.

ಆ ಹುಡುಗಿ ಈ ಸಲ ಯಶೋಧರಮ್ಮನವರ ಬಗ್ಗೆ ಮಾತಾಡುತ್ತಾಳೆ. ಬಹುಮಾನ ಬರದಿದ್ದರೂ ಸರಿ, ಹೆಸರಾದರೂ ನಾಲ್ಕು ಜನರ ಕಿವಿಗೆ ಬೀಳಲಿ.